ಕೋಲಾರದ ನೀರು, ಗಾಳಿ, ಧೂಳಿನ ನಡುವೆ ಮಾಡೆಲ್ ರೇಸ್ ಕಾರು ಕಟ್ಟುವ ಬಗೆ

ಪ್ಲಾಸ್ಟಿಕ್ ಕಿಟ್‌ನಿಂದ ಕಟ್ಟಿದ ರೇಸ್ ಕಾರು ಬಹುಪಾಲು ಕೆಡುವುದು ಅಂಟಿಸುವಾಗ ಅಲ್ಲ, ಬಣ್ಣ ಹೊಡೆಯುವಾಗ ಮತ್ತು ಡೆಕಾಲ್ (ನೀರಿನಲ್ಲಿ ನೆನೆಸಿ ಬಾಡಿಗೆ ಅಂಟಿಸುವ ತೆಳು ಚಿತ್ರ, ಹೆಸರು, ನಂಬರು) ಹಚ್ಚುವಾಗ. ಡಬ್ಬಿಯೊಳಗಿನ ಹಾಳೆ ಯಾವ ಭಾಗ ಎಲ್ಲಿ ಕೂರಬೇಕೆಂದು ಚಿತ್ರ ಬರೆದು ತೋರಿಸುತ್ತದೆ. ಸಾವಿರ ಅಡಿ ಆಳದ ಬೋರ್‌ವೆಲ್ ನೀರಿನಲ್ಲಿ ಡೆಕಾಲ್ ನೆನೆಸಿದರೆ ಏನಾಗುತ್ತದೆ, ಮಾರ್ಚ್ ತಿಂಗಳ ಒಣಗಾಳಿಯಲ್ಲಿ ಸ್ಪ್ರೇ ಹಿಡಿದರೆ ಏನಾಗುತ್ತದೆ ಅನ್ನುವುದು ಅದರಲ್ಲಿ ಇರುವುದಿಲ್ಲ. ಕೋಲಾರ, ಮುಳಬಾಗಿಲು, ಬಂಗಾರಪೇಟೆ, ಕೆಜಿಎಫ್ ಕಡೆ ಕೂತು ಈ ಹವ್ಯಾಸ ಶುರು ಮಾಡುವವರಿಗೆ ಬೇಕಿರುವುದು ಆ ಭಾಗವೇ. ಇಲ್ಲಿ ಹೆಚ್ಚು ಜಾಗ ಅದಕ್ಕೇ ಕೊಟ್ಟಿದ್ದೇವೆ.

ಮೊದಲ ಕಿಟ್ ಯಾವುದಿರಲಿ

ರ್‍ಯಾಲಿ, ಜಿಟಿ (ರಸ್ತೆ ಕಾರಿನಿಂದ ಮಾಡಿದ ರೇಸ್ ಕಾರು) ಮತ್ತು ಲೆ ಮಾನ್ಸ್ (ಫ್ರಾನ್ಸಿನ 24 ಗಂಟೆಯ ರೇಸ್) ಕಾರುಗಳು ಹೆಚ್ಚಾಗಿ 1:24 ಅಳತೆಯಲ್ಲಿ ಬರುತ್ತವೆ, ಫಾರ್ಮುಲಾ ಒನ್ ಕಾರುಗಳು 1:20ರಲ್ಲಿ. 4.4 ಮೀಟರ್ ಉದ್ದದ ಕಾರು 1:24ರಲ್ಲಿ ಸುಮಾರು 18 ಸೆಂ.ಮೀ., 1:20ರಲ್ಲಿ 22 ಸೆಂ.ಮೀ. ಆಗುತ್ತದೆ. 1:12ರ ದೊಡ್ಡ ಕಿಟ್‌ಗಳೂ ಇವೆ, ಅವು ಕೈ ಪಳಗಿದ ಮೇಲೆ.

ಎಲ್ಲರ ಕಣ್ಣು ಮೊದಲು ಹೋಗುವುದು 1988ರಲ್ಲಿ 16ರಲ್ಲಿ 15 ರೇಸ್ ಗೆದ್ದ ಮೆಕ್ಲಾರೆನ್ ಎಂಪಿ4/4 ಮೇಲೆ, ಇಲ್ಲವೇ 1991ರಲ್ಲಿ ಲೆ ಮಾನ್ಸ್ ಗೆದ್ದ ಮಾಜ್ಡಾ 787ಬಿ ಮೇಲೆ. ಎರಡನ್ನೂ ತಮಿಯಾ ಕಂಪನಿ ಕಿಟ್ ಮಾಡಿದೆ. ಆದರೆ ಮೊದಲ ಕೆಲಸಕ್ಕೆ ಎರಡೂ ಬೇಡ. ಮೆಕ್ಲಾರೆನ್‌ನ ಕೆಂಪು ಫ್ಲೋರೊಸೆಂಟ್ ಬಣ್ಣ. ಅದು ಬಿಳಿ ತಳದ ಮೇಲೆ ಮಾತ್ರ ಹೊಳೆಯುತ್ತದೆ, ಬಿಸಿಲಿಗೆ ಬೇಗ ಮಂಕಾಗುತ್ತದೆ. ಜೊತೆಗೆ ಸಿಗರೇಟು ಕಂಪನಿಯ ಹೆಸರಿನ ಡೆಕಾಲ್ ಡಬ್ಬಿಯಲ್ಲಿ ಬರುವುದಿಲ್ಲ, ಬೇರೆ ತರಿಸಬೇಕು. ಮಾಜ್ಡಾದ ಕಿತ್ತಳೆ-ಹಸಿರು ಗಡಿಗೆ ಟೇಪ್ ಹಚ್ಚುವುದೇ ದೊಡ್ಡ ಕೆಲಸ.

ನಮ್ಮ ಸಲಹೆ 1:24ರ ಸುಬಾರು ಇಂಪ್ರೆಜಾ ಡಬ್ಲ್ಯುಆರ್‌ಸಿ. ಬಾಡಿಗೆಲ್ಲ ಒಂದೇ ನೀಲಿ, ಮಿಕ್ಕಿದ್ದು ಡೆಕಾಲ್. ನೀಲಿ ಬಣ್ಣ ಸುಲಭವಾಗಿ ಮುಚ್ಚಿಕೊಳ್ಳುತ್ತದೆ. ರ್‍ಯಾಲಿ ಕಾರಾದ್ದರಿಂದ ಕೊನೆಯಲ್ಲಿ ಮಣ್ಣು ಹಚ್ಚಿದರೆ ಪಾಲಿಶ್‌ನ ಸಣ್ಣ ಕೊರತೆ ಕಾಣುವುದಿಲ್ಲ.

ಯಾವುದನ್ನು ತರಿಸಬೇಕು, ಯಾವುದು ಊರಲ್ಲೇ ಸಿಗುತ್ತದೆ

ಹೊರಗಿನಿಂದ ತರಿಸಲೇಬೇಕಾದದ್ದು ಇಷ್ಟೇ: ಕಿಟ್, ಮಾಡೆಲ್‌ಗೆಂದೇ ಬರುವ ತೆಳು ಸಿಮೆಂಟ್ (ಪ್ಲಾಸ್ಟಿಕ್ ಅಂಟು), ಡೆಕಾಲ್ ಕೂರಿಸುವ ದ್ರವ ಸೆಟ್ಟರ್ ಮತ್ತು ಅದನ್ನು ಮೆತ್ತಗೆ ಮಾಡುವ ದ್ರವ ಸಾಫ್ಟ್‌ನರ್, 6 ಮತ್ತು 10 ಮಿ.ಮೀ. ಮಾಸ್ಕಿಂಗ್ ಟೇಪ್, ಪ್ರೈಮರ್ (ಬಣ್ಣ ಹಿಡಿಯಲು ಕೆಳಗೆ ಹೊಡೆಯುವ ಪದರ), ಬಾಡಿ ಬಣ್ಣ, ಕ್ಲಿಯರ್ (ಎಲ್ಲದರ ಮೇಲೆ ಹೊಡೆಯುವ, ಬಣ್ಣವಿಲ್ಲದ ಹೊಳಪಿನ ಪದರ). ಸ್ಪ್ರೇ ಡಬ್ಬಿಗಳನ್ನು ವಿಮಾನದ ಪಾರ್ಸೆಲ್‌ನಲ್ಲಿ ಕಳಿಸಲು ಬಿಡುವುದಿಲ್ಲ. ಹಾಗಾಗಿ ವಿದೇಶದಿಂದ ತರಿಸಲು ಹೋಗಬೇಡಿ, ರಸ್ತೆ ಮೂಲಕ ಕಳಿಸುವ ನಮ್ಮ ದೇಶದ ಅಂಗಡಿಯನ್ನೇ ಹುಡುಕಿ. ಹಾರ್ಡ್‌ವೇರ್ ಅಂಗಡಿಯ ಅಗಲ ಮಾಸ್ಕಿಂಗ್ ಟೇಪ್ ಈ ಕೆಲಸಕ್ಕೆ ಆಗದು: ಅಂಚು ಒರಟು, ಬಣ್ಣ ಒಳಗೆ ಇಳಿಯುತ್ತದೆ, ಕಿತ್ತಾಗ ತಳದ ಬಣ್ಣವನ್ನೂ ಕಿತ್ತುಕೊಂಡು ಬರುತ್ತದೆ.

ಮಿಕ್ಕಿದ್ದಕ್ಕೆ ಪೇಟೆಯಲ್ಲಿ ಒಂದು ಸುತ್ತು ಸಾಕು. ಮೆಡಿಕಲ್ ಶಾಪ್‌ನಲ್ಲಿ 3 ನಂಬರ್ ಸರ್ಜಿಕಲ್ ಹಿಡಿ, 11 ನಂಬರ್ ಬ್ಲೇಡು, ಇನ್ಸುಲಿನ್ ಸಿರಿಂಜು, ಪೇಪರ್ ಪ್ಲಾಸ್ಟರ್. ಮೊಬೈಲ್ ರಿಪೇರಿ ಸಾಮಾನಿನ ಅಂಗಡಿಯಲ್ಲಿ ಚೂಪು ಟ್ವೀಜರ್, ಸಪಾಟಾಗಿ ಕತ್ತರಿಸುವ ಸಣ್ಣ ಕಟ್ಟರ್. ಅಕ್ಕಸಾಲಿಗರಿಗೆ ಸಾಮಾನು ಮಾರುವ ಅಂಗಡಿಯಲ್ಲಿ ಸೂಜಿ ಅರಗಳು, ಕೈಯಲ್ಲಿ ತಿರುಗಿಸುವ ಡ್ರಿಲ್ ಹಿಡಿ, 0.4 ಮತ್ತು 0.5 ಮಿ.ಮೀ. ಬಿಟ್. ಕಾರಿನ ಬಣ್ಣ ಮಾರುವಲ್ಲಿ 400, 600, 1000, 1500, 2000 ನಂಬರಿನ ವಾಟರ್ ಪೇಪರ್ ಎರಡೆರಡು ಹಾಳೆ, ಸಣ್ಣ ಡಬ್ಬಿ ರಬ್ಬಿಂಗ್ ಕಾಂಪೌಂಡ್. ಇನ್ವರ್ಟರ್ ಅಂಗಡಿಯಲ್ಲಿ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಒಂದು ಲೀಟರ್. ಮೋಟರ್ ವೈಂಡಿಂಗ್ ಮಾಡುವವರ ಹತ್ತಿರ ತಾಮ್ರದ ತಂತಿ, ಅದರ ಮಾತು ಮುಂದೆ ಬರುತ್ತದೆ.

ಬಣ್ಣದ ಅಂಗಡಿಯವರು ಎನ್‌ಸಿ ಥಿನ್ನರ್ ಕೂಡ ಕೊಡುತ್ತಾರೆ. ಲೋಹದ ಉಪಕರಣ ತೊಳೆಯಲು ಅದು ಚೆನ್ನ. ಪ್ಲಾಸ್ಟಿಕ್‌ಗೆ ತಾಗಿಸಿದರೆ ಬಾಡಿ ಕರಗುತ್ತದೆ.

ಬಾಡಿ: ಬಣ್ಣಕ್ಕೆ ಮುಂಚಿನ ಕೆಲಸ

ಭಾಗಗಳು ಪ್ಲಾಸ್ಟಿಕ್ ಕಡ್ಡಿಗಳ ಚೌಕಟ್ಟಿಗೆ ಅಂಟಿಕೊಂಡು ಬರುತ್ತವೆ. ಬಿಡಿಸುವಾಗ ಎರಡು ಸಲ ಕತ್ತರಿಸಿ: ಮೊದಲು ಭಾಗದಿಂದ 2-3 ಮಿ.ಮೀ. ದೂರದಲ್ಲಿ, ಆಮೇಲೆ ಉಳಿದ ಮೊಳಕೆಯನ್ನು ಬ್ಲೇಡಿನಿಂದ ಸಪಾಟಾಗಿ. ಒಂದೇ ಏಟಿಗೆ ಬುಡದಲ್ಲಿ ಕತ್ತರಿಸಿದರೆ ಅಲ್ಲಿ ಬಿಳಿ ಗಾಯ ಬೀಳುತ್ತದೆ ಅಥವಾ ಚೂರು ಕಿತ್ತು ಬರುತ್ತದೆ.

ಬಾಡಿಯನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಅಚ್ಚಿನ ಎರಡು ಹೋಳು ಕೂಡಿದ ಕಡೆ, ಮಡ್‌ಗಾರ್ಡ್ ಮೇಲೆ, ಬಾನೆಟ್ ಮೂಲೆಯಲ್ಲಿ, ಛಾವಣಿಯ ಅಂಚಿನಲ್ಲಿ ಕೂದಲಿನಷ್ಟು ತೆಳು ಗೆರೆ ಇರುತ್ತದೆ. ಕಣ್ಣಿಗೆ ಕಾಣದಿದ್ದರೆ ಉಗುರಿಗೆ ತಾಗುತ್ತದೆ. 600ರ ಪೇಪರ್ ನೀರಿನಲ್ಲಿ ಅದ್ದಿ ಗೆರೆ ಹೋಗುವವರೆಗೆ, ಆಮೇಲೆ 1000ದಲ್ಲಿ ಉಜ್ಜಿ. ಈ ಗೆರೆ ಉಳಿದರೆ ಹೊಳಪಿನ ಬಣ್ಣದ ಕೆಳಗೆ ಇನ್ನೂ ಎದ್ದು ಕಾಣುತ್ತದೆ.

ನಂತರ ಬಾಗಿಲು, ಬಾನೆಟ್, ಡಿಕ್ಕಿಯ ಸುತ್ತಲ ಗೆರೆಗಳನ್ನು ಬ್ಲೇಡಿನ ಬೆನ್ನಿನಿಂದ ಹಗುರವಾಗಿ ಮೂರು ನಾಲ್ಕು ಸಲ ಎಳೆದು ಆಳ ಮಾಡಿ. ಪ್ರೈಮರ್, ಬಣ್ಣ, ಕ್ಲಿಯರ್ ಎಲ್ಲ ಸೇರಿ ಎಂಟು ಹತ್ತು ಪದರ ಬೀಳುತ್ತದೆ. ಆಳ ಮಾಡದ ಗೆರೆ ಅದರಲ್ಲಿ ಮುಚ್ಚಿಹೋಗುತ್ತದೆ, ಬಾಗಿಲೇ ಇಲ್ಲದ ಕಾರಿನ ಹಾಗೆ ಕಾಣುತ್ತದೆ. ಒತ್ತಿ ಎಳೆದರೆ ಬ್ಲೇಡು ದಾರಿ ತಪ್ಪುತ್ತದೆ. ತಪ್ಪಿದ ಗೀರಿಗೆ ಎನ್‌ಸಿ ಪುಟ್ಟಿಯನ್ನು ತೆಳುವಾಗಿ ಒತ್ತಿ, ಒಂದು ದಿನ ಬಿಟ್ಟು ಉಜ್ಜಿ. ಪುಟ್ಟಿ ದಪ್ಪವಾದರೆ ಅದರಲ್ಲಿನ ದ್ರಾವಕ ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡುತ್ತದೆ, ಒಣಗಿದ ಮೇಲೆ ಕುಗ್ಗಿ ತಗ್ಗು ಬೀಳುತ್ತದೆ.

ಪಾತ್ರೆ ತೊಳೆಯುವ ಸೋಪಿನ ಒಂದು ಹನಿ ಹಾಕಿ, ಹಳೆಯ ಮೆತ್ತನೆ ಹಲ್ಲುಜ್ಜುವ ಬ್ರಷ್ಷಿನಿಂದ ತೊಳೆಯಿರಿ. ಕೊನೆಯ ಜಾಲಾಟ ಮಾತ್ರ ಡಿಸ್ಟಿಲ್ಡ್ ನೀರಿನಲ್ಲಿ, ಇಲ್ಲವೇ ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ತಂದ ನೀರಿನಲ್ಲಿ ಇರಲಿ. ಕೊಳವೆಬಾವಿ ನೀರಿನ ಸುಣ್ಣ ಪ್ಯಾನೆಲ್ ಗೆರೆಗಳಲ್ಲಿ ಒಣಗಿ ಕೂತರೆ ಪ್ರೈಮರ್ ಅಲ್ಲಿ ಹಿಡಿಯುವುದಿಲ್ಲ. ತೊಳೆದ ಮೇಲೆ ಬಾಡಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ. ತಲೆಗೆ ಎಣ್ಣೆ ಹಚ್ಚಿದ ಕೈಯ ಒಂದು ಗುರುತು ಸಾಕು, ಬಣ್ಣ ಅಲ್ಲಿ ಹಿಂದೆ ಸರಿದು ಸಣ್ಣ ಗುಂಡಿಗಳಾಗುತ್ತವೆ. ಖಾಲಿ ನೀರಿನ ಬಾಟಲಿಯ ಮೇಲೆ ಡಬಲ್ ಸೈಡ್ ಟೇಪ್‌ನಿಂದ ಬಾಡಿ ಕೂರಿಸಿ, ಬಾಟಲಿಯನ್ನೇ ಹಿಡಿದು ಕೆಲಸ ಮಾಡಿ. ಹಿಂದಿನ ರೆಕ್ಕೆ, ಕನ್ನಡಿಗಳನ್ನೂ ಅದೇ ದಿನ, ಅದೇ ಡಬ್ಬಿಯಿಂದ ಹೊಡೆಯಿರಿ. ಬೇರೆ ದಿನ ಹೊಡೆದರೆ ಛಾಯೆ ಬೇರೆಯಾಗುವುದುಂಟು.

ಬಣ್ಣಕ್ಕೆ ಹೊತ್ತು ಆರಿಸುವುದು

ಇಪ್ಪತ್ತು ನಿಮಿಷದ ಈ ಕೆಲಸಕ್ಕೆ ಸರಿಯಾದ ಹೊತ್ತು ಸಿಗಲು ನಾಲ್ಕು ದಿನ ಕಾಯಬೇಕಾದರೆ ಕಾಯಿರಿ.

ಫೆಬ್ರವರಿಯಿಂದ ಏಪ್ರಿಲ್‌ವರೆಗೆ ನಮ್ಮಲ್ಲಿ ಗಾಳಿ ಒಣಗಿರುತ್ತದೆ, ಬಣ್ಣ ಬೇಗ ಆರುತ್ತದೆ, ಆದರೆ ಹೊತ್ತೇರಿದಂತೆ ಧೂಳು ಏಳುತ್ತದೆ. ಬೆಳಗ್ಗೆ ಏಳರಿಂದ ಒಂಬತ್ತರೊಳಗೆ ಮುಗಿಸಿ. ಡಿಸೆಂಬರ್-ಜನವರಿಯಲ್ಲಿ ಮುಂಜಾನೆ ಮಂಜಿರುತ್ತದೆ, ಹತ್ತು ಗಂಟೆಯ ಮೇಲೆ ಶುರು ಮಾಡಿ. ಸೆಪ್ಟೆಂಬರ್-ಅಕ್ಟೋಬರ್ ಮಳೆ ದಿನಗಳಲ್ಲಿ ಗಾಳಿಯ ತೇವ ಅಳೆಯುವ ಸಣ್ಣ ಮೀಟರ್ ಜೊತೆಯಲ್ಲಿರಲಿ. ಅದು ಶೇ. 70 ದಾಟಿದ್ದರೆ ಹೊಳಪಿನ ಬಣ್ಣವಾಗಲಿ ಕ್ಲಿಯರ್ ಆಗಲಿ ಹೊಡೆಯಬೇಡಿ. ಲ್ಯಾಕರ್ (ದ್ರಾವಕ ಆವಿಯಾಗಿ ಗಟ್ಟಿಯಾಗುವ) ಬಣ್ಣದ ದ್ರಾವಕ ಆರುವಾಗ ಮೇಲ್ಮೈಯನ್ನು ತಣ್ಣಗೆ ಮಾಡುತ್ತದೆ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಅದು ಅಲ್ಲಿ ಇಬ್ಬನಿಯಾಗಿ ಕೂತು ಬಣ್ಣದೊಳಗೆ ಸಿಕ್ಕಿಕೊಳ್ಳುತ್ತದೆ, ಮೇಲೆ ಬಿಳಿ ಮಸುಕು ಹರಡುತ್ತದೆ. ಹಾಗಾದರೆ ಗಾಬರಿ ಬೇಡ. ಒಣ ದಿನ ನೋಡಿಕೊಂಡು ಅದೇ ಬಣ್ಣದ ಇನ್ನೊಂದು ತೆಳು ಪದರ ಹೊಡೆಯಿರಿ, ಬಹುತೇಕ ಮಾಯವಾಗುತ್ತದೆ.

ಡಬ್ಬಿಯನ್ನು ಎರಡು ನಿಮಿಷ ಅಲುಗಾಡಿಸಿ. ಚಳಿಗಾಲದಲ್ಲಿ ಉಗುರುಬೆಚ್ಚಗಿನ ನೀರಿನಲ್ಲಿ ಐದು ನಿಮಿಷ ನಿಲ್ಲಿಸಿದರೆ ಹನಿ ಸಣ್ಣಗೆ ಬರುತ್ತದೆ. ಬಿಸಿ ನೀರು, ಒಲೆಯ ಹತ್ತಿರ ಮಾತ್ರ ಬೇಡ, ಡಬ್ಬಿ ಸಿಡಿಯುತ್ತದೆ. ಅದರೊಳಗಿನ ಅನಿಲ ಹೊತ್ತಿಕೊಳ್ಳುವಂಥದ್ದು. ಅಡುಗೆ ಮನೆ, ದೇವರ ದೀಪ ಇರುವ ಕೋಣೆಯ ಪಕ್ಕ ಹೊಡೆಯಬೇಡಿ, ತೆರೆದ ಜಾಗದಲ್ಲಿ ಹೊಡೆಯಿರಿ. ಬಟ್ಟೆ ಮಾಸ್ಕ್, ಎನ್95 ಮಾಸ್ಕ್ ದ್ರಾವಕದ ಆವಿಯನ್ನು ತಡೆಯುವುದಿಲ್ಲ. ಆವಿ ಹೀರುವ ಕಾರ್ಟ್ರಿಜ್ ಇರುವ ಮಾಸ್ಕ್ ಬೇಕು.

ದೂರ 20ರಿಂದ 25 ಸೆಂ.ಮೀ. ಇರಲಿ. ಕಾರಿನ ಹೊರಗೆ ಒತ್ತಲು ಶುರು ಮಾಡಿ, ಒಂದೇ ವೇಗದಲ್ಲಿ ಮೇಲೆ ಹಾಯಿಸಿ, ಹೊರಗೆ ಹೋದ ಮೇಲೆ ಬಿಡಿ. ಪ್ರೈಮರ್ ಎರಡು ತೆಳು ಪದರ. ಅದು ಒಣಗಿದ ಮೇಲೆ ಇನ್ನೊಮ್ಮೆ ಬೆಳಕಿಗೆ ಹಿಡಿದು ಗೀರು ಹುಡುಕಿ, ಬೂದು ಬಣ್ಣದಲ್ಲಿ ಎಲ್ಲ ದೋಷವೂ ಬಯಲಾಗುತ್ತದೆ. ಆಮೇಲೆ ಬಣ್ಣ: ಕೆಳಗಿನದು ಇನ್ನೂ ಕಾಣುವಷ್ಟು ತೆಳುವಾಗಿ ಎರಡು ಪದರ, ಅದರ ಮೇಲೆ ತುಸು ತೇವವಾಗಿ ಎರಡು ಪದರ, ನಡುವೆ 15-20 ನಿಮಿಷ. ದೂರದಿಂದ ಹೊಡೆದರೆ ಹನಿ ಗಾಳಿಯಲ್ಲೇ ಒಣಗಿ ಬಿದ್ದು ಮೇಲ್ಮೈ ಒರಟಾಗುತ್ತದೆ. ಹತ್ತಿರದಿಂದ ಹೊಡೆದರೆ ಬಣ್ಣ ಬಾಗಿಲ ಕೆಳಗೆ ಇಳಿಯುತ್ತದೆ. ಇಳಿದದ್ದನ್ನು ಹಸಿಯಾಗಿ ಒರೆಸಲು ಹೋಗಬೇಡಿ, ಎರಡು ದಿನ ಬಿಟ್ಟು 1000ದ ಪೇಪರ್‌ನಲ್ಲಿ ಉಜ್ಜಿ ಮತ್ತೆ ಹೊಡೆಯಿರಿ.

ಕೆಂಪು ಪ್ಲಾಸ್ಟಿಕ್‌ನಲ್ಲಿ ಅಚ್ಚು ಹಾಕಿದ ಬಾಡಿಗೆ ಬಿಳಿ ಹೊಡೆಯುವಾಗ ಒಂದು ಎಚ್ಚರ: ಪ್ಲಾಸ್ಟಿಕ್ಕಿನ ಕೆಂಪು ಮೇಲೇರಿ ಬಿಳಿಯನ್ನು ಗುಲಾಬಿ ಮಾಡುತ್ತದೆ. ನಡುವೆ ಬೆಳ್ಳಿ ಬಣ್ಣದ ಒಂದು ಪದರ ಹಾಕಿದರೆ ಅದು ತಡೆಯುತ್ತದೆ.

ಒಣಗಲು ಬಿಡುವಾಗ ಧೂಳು ಕೂರದ ಗೂಡು ಬೇಕು. ಕೋಲಾರದಲ್ಲಿ ಇದಕ್ಕೆ ಟೊಮೆಟೊ ಕ್ರೇಟ್‌ಗಿಂತ ಒಳ್ಳೆಯದು ಕಾಣೆವು. ತೊಳೆದು ಒಣಗಿಸಿ, ಒಳಗಿನ ಬದಿಗಳಿಗೆ ಪ್ಲಾಸ್ಟಿಕ್ ಹಾಳೆ ಅಂಟಿಸಿ ತೂತು ಮುಚ್ಚಿ, ಬಾಟಲಿ ಸಮೇತ ಕಾರಿನ ಮೇಲೆ ಬೋರಲು ಹಾಕಿ. ಒಂದು ಮೂಲೆಯ ಕೆಳಗೆ ಚಿಕ್ಕ ಕಲ್ಲು ಇಟ್ಟರೆ ಆವಿ ಹೊರಗೆ ಹೋಗುತ್ತದೆ. ಹೊಡೆಯುವ ಮೊದಲು ಸುತ್ತಲ ನೆಲಕ್ಕೆ ಸ್ವಲ್ಪ ನೀರು ಚಿಮುಕಿಸಿದರೆ ಕಾಲಿನ ಧೂಳು ಏಳುವುದಿಲ್ಲ. 24 ಗಂಟೆ ಮುಟ್ಟಬೇಡಿ.

ಡೆಕಾಲ್: ನೀರೇ ಮುಖ್ಯ

ರೇಸ್ ಕಾರಿಗೆ ಮುಖ ಕೊಡುವುದು ಡೆಕಾಲ್. ಇಂಪ್ರೆಜಾದಂಥ ಕಾರಿಗೆ ದೊಡ್ಡವು ಸಣ್ಣವು ಸೇರಿ ಹತ್ತಾರು ಇರುತ್ತವೆ. ಒಂದೇ ಕೂತಲ್ಲಿ ಮುಗಿಸುವ ಆಸೆ ಬೇಡ, ಒಂದು ದಿನ ಒಂದು ಬದಿ ಸಾಕು.

ಬೋರ್‌ವೆಲ್ ನೀರಿನಲ್ಲಿ ನೆನೆಸಿದ ಡೆಕಾಲ್ ಹಚ್ಚಿದಾಗ ಚೆನ್ನಾಗಿಯೇ ಕಾಣುತ್ತದೆ. ಮಾರನೆಯ ದಿನ ಅಂಚಿನ ಸುತ್ತ ಬಿಳಿ ಉಂಗುರ ಕಾಣಿಸಿಕೊಳ್ಳುತ್ತದೆ. ಸ್ಟೀಲ್ ಪಾತ್ರೆಯಲ್ಲಿ ಕೂರುವ ಅದೇ ಸುಣ್ಣ ಅದು. ಅದರ ಮೇಲೆ ಕ್ಲಿಯರ್ ಹೊಡೆದರೆ ಶಾಶ್ವತವಾಗಿ ಒಳಗೇ ಉಳಿಯಿತು. ಆದ್ದರಿಂದ ತಟ್ಟೆಗೆ ಡಿಸ್ಟಿಲ್ಡ್ ನೀರನ್ನೇ ಹಾಕಿ. ಒಂದು ಕಾರಿಗೆ ಕಾಲು ಲೀಟರ್ ಸಾಕು.

ಒಂದೊಂದನ್ನೇ ಕತ್ತರಿಸಿ, 10-15 ಸೆಕೆಂಡು ಅದ್ದಿ ತೆಗೆದು ಟಿಶ್ಯೂ ಮೇಲೆ ಒಂದು ನಿಮಿಷ ಬಿಡಿ. ನೀರಿನಲ್ಲೇ ತೇಲಲು ಬಿಟ್ಟರೆ ಅಂಟು ತೊಳೆದುಹೋಗುತ್ತದೆ. ಬಾಡಿಯ ಮೇಲೆ ಸೆಟ್ಟರ್ ಸವರಿ, ಕಾಗದದಿಂದ ಜಾರಿಸಿ ಜಾಗಕ್ಕೆ ತನ್ನಿ. ಒದ್ದೆ ಬ್ರಷ್ಷಿನಿಂದ ಸರಿಪಡಿಸಿ, ಹತ್ತಿಯ ಕಡ್ಡಿಯನ್ನು ನಡುವಿನಿಂದ ಹೊರಗೆ ಉರುಳಿಸುತ್ತ ನೀರು ಮತ್ತು ಗಾಳಿ ಹೊರಹಾಕಿ. ಕಡ್ಡಿಯನ್ನು ಎಳೆಯಬೇಡಿ, ಉರುಳಿಸಿ. ಮಡ್‌ಗಾರ್ಡ್‌ನ ಉಬ್ಬು, ಗಾಳಿ ಹೋಗುವ ತೂತಿನ ಮೇಲೆ ಸಾಫ್ಟ್‌ನರ್ ತೆಳುವಾಗಿ ಸವರಿ. ಡೆಕಾಲ್ ಒಮ್ಮೆ ಸುಕ್ಕುಗಟ್ಟಿ ಕೆಟ್ಟೇ ಹೋಯಿತು ಅನ್ನಿಸುತ್ತದೆ. ಆಗ ಮುಟ್ಟಿದರೆ ಹರಿಯುತ್ತದೆ, ಬಿಟ್ಟರೆ ತಾನೇ ಒಣಗುತ್ತ ಬಿಗಿದು ಕೂರುತ್ತದೆ. ಸಾಫ್ಟ್‌ನರ್ ನಿಮ್ಮ ಡೆಕಾಲ್‌ಗೆ ಎಷ್ಟು ಖಾರ ಎಂದು ತಿಳಿಯಲು ಬೇಡದ ಒಂದು ಚೂರಿನ ಮೇಲೆ ಮೊದಲು ಹಚ್ಚಿ ನೋಡಿ. ಬಾಗಿಲ ಗೆರೆಯ ಮೇಲೆ ಹಾದುಹೋದ ಡೆಕಾಲನ್ನು ಒಣಗಿದ ಮೇಲೆ ಹೊಸ ಬ್ಲೇಡಿನಿಂದ ಗೆರೆಗುಂಟ ಸೀಳಿ, ಇನ್ನೊಮ್ಮೆ ಸಾಫ್ಟ್‌ನರ್ ಮುಟ್ಟಿಸಿ.

ಒಣಗಿದ ಮೇಲೆ ಕೆಳಗೆ ಬೆಳ್ಳಿಯಂಥ ಹೊಳಪು ಕಂಡರೆ ಅದು ಸಿಕ್ಕಿಕೊಂಡ ಗಾಳಿ. ಬಣ್ಣ ಒರಟಾಗಿದ್ದಾಗ ಹೀಗಾಗುತ್ತದೆ, ಅದಕ್ಕೇ ಡೆಕಾಲ್‌ಗೆ ಹೊಳಪಿನ ತಳ ಬೇಕು. ಸೂಜಿಯಿಂದ ಎರಡು ಮೂರು ಕಡೆ ಚುಚ್ಚಿ ಸಾಫ್ಟ್‌ನರ್ ಹಾಕಿ. ಹಳೆಯ ಕಿಟ್‌ನ ಡೆಕಾಲ್ ಹಳದಿಯಾಗಿದ್ದರೆ ಜಿಪ್ ಕವರಿನಲ್ಲಿ ಹಾಕಿ ಬಿಸಿಲು ಬೀಳುವ ಕಿಟಕಿ ಗಾಜಿಗೆ ಒಂದು ವಾರ ಅಂಟಿಸಿ, ನಮ್ಮ ಬಿಸಿಲಿಗೆ ಚೆನ್ನಾಗಿಯೇ ಬಿಳುಪಾಗುತ್ತದೆ.

ಎಲ್ಲ ಮುಗಿದ ಮೇಲೆ ಡಿಸ್ಟಿಲ್ಡ್ ನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಅಂಟಿನ ಕಲೆ ಒರೆಸಿ, ಎರಡು ದಿನ ಒಣಗಿಸಿ.

ಕ್ಲಿಯರ್ ಮತ್ತು ಪಾಲಿಶ್

ಕ್ಲಿಯರ್‌ನ ಮೊದಲ ಎರಡು ಮೂರು ಪದರ ಮಂಜು ಬಿದ್ದಷ್ಟೇ ಇರಲಿ, ನಡುವೆ ಅರ್ಧ ಗಂಟೆ. ಲ್ಯಾಕರ್ ಕ್ಲಿಯರನ್ನು ಮೊದಲೇ ತೊಯ್ಯುವಂತೆ ಹೊಡೆದರೆ ಅದರ ದ್ರಾವಕ ಡೆಕಾಲ್ ಕಚ್ಚಿ ಸುಕ್ಕು ಮಾಡುತ್ತದೆ. ಮಂಜಿನ ಪದರ ಗಟ್ಟಿಯಾದ ಮೇಲೆ ತೇವದ ಎರಡು ಪದರ. ಒಂದು ವಾರ ಬಿಡಿ.

ಗ್ಯಾರೇಜಿನವರು ಬಳಸುವ, ಹಾರ್ಡ್‌ನರ್ ಬೆರೆಸುವ 2ಕೆ ಕ್ಲಿಯರ್ ಗಾಜಿನಂಥ ಹೊಳಪು ಕೊಡುತ್ತದೆ ನಿಜ. ಅದರ ಹಾರ್ಡ್‌ನರ್‌ನಲ್ಲಿ ಐಸೊಸಯನೇಟ್ ಇರುತ್ತದೆ, ಉಸಿರಿಗೆ ಹೋದರೆ ಆಸ್ತಮಾ ತರಿಸಬಲ್ಲದು. ಮಕ್ಕಳು ಓಡಾಡುವ ಮನೆಯಲ್ಲಿ ಅದನ್ನು ಬಳಸಲೇಬೇಡಿ.

2000ದ ಪೇಪರ್, ನೀರು, ಒಂದು ಹನಿ ಸೋಪು. ಸಪಾಟು ಜಾಗದಲ್ಲಿ ಮಾತ್ರ ಹಗುರವಾಗಿ ಉಜ್ಜಿ, ಆಮೇಲೆ ಮೆತ್ತನೆ ಬಟ್ಟೆಯಲ್ಲಿ ಕಾಂಪೌಂಡ್. ಅಂಚುಗಳಲ್ಲಿ ಬಣ್ಣ ತೆಳುವಾಗಿ ನಿಂತಿರುತ್ತದೆ, ನಾಲ್ಕು ಸಲ ಉಜ್ಜಿದರೆ ಪ್ಲಾಸ್ಟಿಕ್ ಹೊರಬರುತ್ತದೆ. ಪಾಲಿಶ್ ಮುಗಿಯುವವರೆಗೆ ಅಂಚುಗಳಿಗೆಲ್ಲ ಟೇಪ್ ಹಚ್ಚಿಡಿ.

ಕಣ್ಣು ನಿಲ್ಲುವ ವಿವರಗಳು

ನಮ್ಮ ಜಿಲ್ಲೆಯಲ್ಲಿ ಪಂಪ್‌ಸೆಟ್ ಇರುವ ಕಡೆಯೆಲ್ಲ ವೈಂಡಿಂಗ್ ಅಂಗಡಿ ಇದೆ. ಅಲ್ಲಿ ಉಳಿದ ತುಂಡು ತಂತಿ ಕೇಳಿ. ಸಬ್‌ಮರ್ಸಿಬಲ್ ಮೋಟರಿಗೆ ಸುತ್ತುವುದು ಪ್ಲಾಸ್ಟಿಕ್ ಹೊದಿಕೆಯ ದಪ್ಪ ತಂತಿ, ಅದು ಬೇಡ. ಫ್ಯಾನ್, ಸಣ್ಣ ಮೋಟರಿನ ಎನಾಮಲ್ ತಂತಿ ಬೇಕು. ಗೇಜ್ ಲೆಕ್ಕ ಹೀಗೆ: ನಿಜವಾದ ಸ್ಪಾರ್ಕ್ ಪ್ಲಗ್ ವೈರು 7-8 ಮಿ.ಮೀ. ದಪ್ಪ. 24ರಿಂದ ಭಾಗಿಸಿದರೆ 0.3, ಅಂದರೆ 30 ಗೇಜ್. 20ರಿಂದ ಭಾಗಿಸಿದರೆ 0.35ರಿಂದ 0.4, ಅಂದರೆ 28 ಗೇಜ್. ಎಂಜಿನ್ ಮೇಲೆ 0.4ರ ತೂತು ಕೊರೆದು, ತುದಿಗೆ ಸೂಜಿಮೊನೆಯಷ್ಟು ಫೆವಿಕ್ವಿಕ್ ಮುಟ್ಟಿಸಿ ಕೂರಿಸಿ. 1:20ರ ಮೆಕ್ಲಾರೆನ್ ಎಂಪಿ4/4ಗೆ ಆರು ವೈರು, ಅದು ಹೊಂಡಾದ 1.5 ಲೀಟರ್ ವಿ6 ಟರ್ಬೊ.

ಸೀಟ್ ಬೆಲ್ಟ್‌ಗೂ ಅದೇ ಭಾಗಾಕಾರ. 75 ಮಿ.ಮೀ. ಅಗಲದ ಭುಜದ ಪಟ್ಟಿ 1:24ರಲ್ಲಿ 3.1 ಮಿ.ಮೀ. ಪೇಪರ್ ಪ್ಲಾಸ್ಟರನ್ನು ಗಾಜಿನ ಮೇಲೆ ಅಂಟಿಸಿ ಆ ಅಗಲಕ್ಕೆ ಸೀಳಿ, ಬಣ್ಣ ಹಚ್ಚಿ. ಅದರ ನೇಯ್ಗೆಯಂಥ ಮೈ ಬೆಲ್ಟಿಗೆ ಸರಿಹೊಂದುತ್ತದೆ. ಸೀಟಿನ ಮೇಲೆ ಸೆಟೆದು ನಿಲ್ಲಲು ಬಿಡಬೇಡಿ, ಭಾರಕ್ಕೆ ಜೋತಂತೆ ಒತ್ತಿ.

ಕಾರ್ಬನ್ ಫೈಬರ್ ನೇಯ್ಗೆಯಂತೆ ಕಾಣುವ ಡೆಕಾಲ್ ಹಚ್ಚುವ ಮೊದಲು ಕಾರಿನ ಇಸವಿ ನೋಡಿ. ಫಾರ್ಮುಲಾ ಒನ್‌ನಲ್ಲಿ ಪೂರ್ತಿ ಕಾರ್ಬನ್ ಚಾಸಿಸ್ ಬಂದದ್ದು 1981ರ ಮೆಕ್ಲಾರೆನ್ ಎಂಪಿ4/1ರಲ್ಲಿ. 1978ರ ಲೋಟಸ್ 79ರದ್ದು ಅಲ್ಯುಮಿನಿಯಂ ಚಾಸಿಸ್, ಅದಕ್ಕೆ ಕಾರ್ಬನ್ ಹಚ್ಚಿದರೆ ತಿಳಿದವರಿಗೆ ತಕ್ಷಣ ಗೊತ್ತಾಗುತ್ತದೆ. ಹಚ್ಚಬೇಕಾದ ಭಾಗದ ಮೇಲೆ ಮಾಸ್ಕಿಂಗ್ ಟೇಪ್ ಒತ್ತಿ, ಅಂಚಿಗೆ ಪೆನ್ಸಿಲ್ ಎಳೆದು, ಕಿತ್ತು ಡೆಕಾಲ್ ಹಾಳೆಯ ಮೇಲಿಟ್ಟು ಕತ್ತರಿಸಿದರೆ ಅಳತೆ ತಪ್ಪುವುದಿಲ್ಲ.

ಟೈರಿನ ನಡುವೆ ಓಡುವ ಅಚ್ಚಿನ ಗೆರೆಯನ್ನು 400ರ ಪೇಪರ್‌ನಲ್ಲಿ ಉಜ್ಜಿ ತೆಗೆಯಿರಿ. ಓಡಿದ ಸ್ಲಿಕ್ (ಗೆರೆಯಿಲ್ಲದ ನುಣುಪು) ಟೈರಿನ ಮೈಯೂ ಹಾಗೇ ಮಂಕಾಗಿರುತ್ತದೆ. ಚಕ್ರದ ಡಿಸ್ಕಿಗೆ ಬಣ್ಣ ಹಚ್ಚದೆ ಟೈರು ಹಾಕಿಡಬೇಡಿ. ಮೆತ್ತನೆ ವಿನೈಲ್ ಟೈರಿನಲ್ಲಿರುವ ಎಣ್ಣೆಯಂಥ ರಾಸಾಯನಿಕ ನಿಧಾನಕ್ಕೆ ಹೊರಬಂದು ಪ್ಲಾಸ್ಟಿಕ್ಕನ್ನು ಕರಗಿಸುತ್ತದೆ, ಸೆಕೆಯಲ್ಲಿ ಇನ್ನೂ ಬೇಗ.

ಗಾಜುಗಳಿಗೆ ಬಿಳಿ ಫೆವಿಕಾಲ್ ಮಾತ್ರ, ಕಡ್ಡಿಯ ತುದಿಯಲ್ಲಿ ಸವರಿ. ಒಣಗಿದರೆ ಅದು ಕಾಣುವುದಿಲ್ಲ. ಫೆವಿಕ್ವಿಕ್‌ನ ಆವಿ ಗಾಜಿಗೆ ಬಿಳಿ ಪೊರೆ ಬರಿಸುತ್ತದೆ.

ಮಣ್ಣು ಹಚ್ಚುವುದಾದರೆ ಯಾವ ರ್‍ಯಾಲಿಯ ಕಾರು ಎಂದು ಡೆಕಾಲ್ ನೋಡಿಕೊಳ್ಳಿ. ಕೆನ್ಯಾದ ಸಫಾರಿ ರ್‍ಯಾಲಿ ಕಾರಿಗೆ ನಮ್ಮ ಕೆಮ್ಮಣ್ಣು ಒಪ್ಪುತ್ತದೆ, ಆಲ್ಪ್ಸ್ ಬೆಟ್ಟದ ಡಾಂಬರು ಮತ್ತು ಹಿಮದಲ್ಲಿ ಓಡುವ ಮಾಂಟೆ ಕಾರ್ಲೊ ಕಾರಿಗೆ ಒಪ್ಪುವುದಿಲ್ಲ, ಅಲ್ಲಿ ಬೂದು ಕೊಳೆ ಇರಬೇಕು. 1:24ರಲ್ಲಿ 0.1 ಮಿ.ಮೀ. ಕಣವೂ 2.4 ಮಿ.ಮೀ. ಜಲ್ಲಿಕಲ್ಲಾಗಿ ಕಾಣುತ್ತದೆ. ಆದ್ದರಿಂದ ಒಣ ಮಣ್ಣನ್ನು ಹಳೆಯ ಪಂಚೆಯ ಬಟ್ಟೆಯಲ್ಲಿ ಎರಡು ಸಲ ಸೋಸಿ, ಮ್ಯಾಟ್ ಅಕ್ರಿಲಿಕ್ ಕ್ಲಿಯರ್‌ನಲ್ಲಿ ಕಲಸಿ, ಚಕ್ರದ ಹಿಂದೆ ಮತ್ತು ಬಾಗಿಲ ಕೆಳಗೆ ಗಿಡ್ಡ ಬ್ರಷ್ಷಿನಿಂದ ಚಿಮ್ಮಿಸಿ. ವೈಪರ್ ಓಡಿದ ಜಾಗ ಚೊಕ್ಕವಾಗಿ ಉಳಿಯಲಿ.

ಜೋಡಣೆ

ಚಕ್ರ ಅಂಟಿಸುವಾಗ ಚಾಸಿಸನ್ನು ಕನ್ನಡಿಯ ಮೇಲೆ ಇಟ್ಟು ನಾಲ್ಕೂ ಟೈರು ತಾಗುತ್ತವೆಯೇ ನೋಡಿ. ಅಂಟು ಹಸಿಯಿರುವಾಗಲೇ ಒತ್ತಿ ಸರಿಪಡಿಸಿ, ಗಟ್ಟಿಯಾದ ಮೇಲೆ ಆಗದು. ಕನ್ನಡಿ, ಆಂಟೆನಾ, ವೈಪರ್ ಕೊನೆಗೆ. ಧೂಳಿಗೆ 25×14×12 ಸೆಂ.ಮೀ. ಅಕ್ರಿಲಿಕ್ ಪೆಟ್ಟಿಗೆ 1:24ರ ಕಾರಿಗೆ ಸಾಕು. ಬಿಸಿಲು ಬೀಳದ ಗೋಡೆಯ ಮೇಲಿಡಿ.

ಮುಂದಿನ ಕಾರಿಗೆ ಮುಂಚೆ ನಿಜವಾದ ರೇಸ್ ಕಾರನ್ನು ಹತ್ತಿರದಿಂದ ನೋಡಬೇಕೆಂದಿದ್ದರೆ ಚೆನ್ನೈ ಪಕ್ಕದ ಇರುಂಗಾಟ್ಟುಕೋಟ್ಟೈ ಟ್ರ್ಯಾಕಿನಲ್ಲಿ ರೇಸ್ ಇರುವ ವಾರಾಂತ್ಯ ನೋಡಿಕೊಂಡು ಹೋಗಿ. ಇಡೀ ಕಾರಿನ ಫೋಟೊ ಎಲ್ಲೆಡೆ ಸಿಗುತ್ತದೆ. ನೀವು ತೆಗೆಯಬೇಕಾದದ್ದು ಬಾನೆಟ್ ಪಿನ್, ಎಳೆಯುವ ಕೊಕ್ಕೆ, ಬ್ರೇಕ್‌ಗೆ ಗಾಳಿ ಹೋಗುವ ಕೊಳವೆ, ಸವೆದ ಟೈರಿನ ಅಂಚಿನಲ್ಲಿ ಉರುಳಿ ನಿಂತ ರಬ್ಬರ್, ಎಕ್ಸಾಸ್ಟ್ ತುದಿಯಲ್ಲಿ ಬಿಸಿಗೆ ತಿರುಗಿದ ನೀಲಿ ಮತ್ತು ಕಂದು. ಅಳತೆ ಗೊತ್ತಾಗಲು ಪಕ್ಕದಲ್ಲಿ ಬೆರಳು ಹಿಡಿದು ತೆಗೆಯಿರಿ, ಆದರೆ ತಂಡದವರನ್ನು ಕೇಳಿ ಆಮೇಲೆ.